ಖಾಲಿ ಪುಡಿಯ ರುಚಿ

ಮಾರ್ಚ್ 6, ಬುಧವಾರ

ಮತ್ತೆ ರುಚಿ ಪರೀಕ್ಷೆ. ಹತ್ತು ಜನ, ತಲಾ ಎರಡು ಲೋಟ. ಒಂದರಲ್ಲಿ ನಿಜವಾದ ಗಿಡಮೂಲಿಕೆ ಔಷಧಿ. ಇನ್ನೊಂದರಲ್ಲಿ ಖಾಲಿ ಪುಡಿ — ಪಿಷ್ಟ, ಸುಟ್ಟ ಸಕ್ಕರೆಯ ಬಣ್ಣ, ಕಹಿಗೆ ಒಂದು ಚಿಟಿಕೆ ಏನೋ. ಎರಡೂ ಕಪ್ಪು, ಎರಡೂ ಬಿಸಿ, ಎರಡೂ ಕಹಿ. ಯಾವುದು ಔಷಧಿ ಹೇಳಿ ಅಂತ ಕೇಳಬೇಕು. ಹತ್ತರಲ್ಲಿ ಐದು ಜನ ಸರಿ ಹೇಳಿದರೆ ಖುಷಿ. ಅಂದರೆ ಊಹೆ ಮಾಡಿದ್ದಾರೆ, ನಾಲಗೆಗೆ ಗೊತ್ತಾಗಿಲ್ಲ ಅಂತ.

ಎಂಟು ಜನ ಸರಿ ಹೇಳಿದರು.

ಆಸ್ಪತ್ರೆಯ ಡ್ರೈವರ್ ಕುಡಿಯಲೂ ಇಲ್ಲ. ಮೂಸಿ ನೋಡಿ ಒಂದು ಲೋಟ ಪಕ್ಕಕ್ಕೆ ತಳ್ಳಿದ. "ಇದು ಬಣ್ಣದ ನೀರು ಡಾಕ್ಟ್ರೇ. ನಮ್ಮಮ್ಮ ಇಂಥಾದ್ದನ್ನ ಸೂಪ್ ಅಂತ ಬಡಿಸಿದ್ರೆ ನಮ್ಮಪ್ಪ ಅವತ್ತೇ ಮನೆ ಬಿಡ್ತಿದ್ದ." ಎಲ್ಲರೂ ನಕ್ಕರು. ನಾನೂ ನಕ್ಕೆ.

ದಕ್ಷಿಣ ಚೀನಾದ ನಾಲಗೆ ಇದು, ಗ್ವಾಂಗ್‌ಜೌ ಜನರದ್ದು. ಹಲ್ಲು ಮೂಡುವ ಮೊದಲೇ ವಾಂಗ್‌ಕೇ ಬೇರಿನ ಸೂಪ್ ಕುಡಿದವರು. ಇವರಿಗೆ ಗೊತ್ತಾಗದಂಥ ಸುಳ್ಳು ಔಷಧಿ ಮಾಡಬೇಕು ನಾನು. ಬೇರೆ ದೇಶದಲ್ಲಿ ಸುಲಭ — ಬಿಳಿ ಮಾತ್ರೆ, ಇನ್ನೊಂದು ಬಿಳಿ ಮಾತ್ರೆ, ನೀರಿನ ಜೊತೆ ನುಂಗಿ.

ನಿಯಮ ನಾನೇ ಬರೆದದ್ದು: ಏಳಕ್ಕಿಂತ ಹೆಚ್ಚು ಜನ ಗುರುತಿಸಿದರೆ ಪುಡಿ ಹೊಸದಾಗಿ ಮಾಡಿಸಬೇಕು. ಫ್ಯಾಕ್ಟರಿಗೆ ಫೋನ್ ಮಾಡಿದೆ. ಎರಡೂವರೆ ತಿಂಗಳು ಬೇಕಂತೆ. ನಮಗಿರುವುದು ಇಪ್ಪತ್ತೈದು ದಿನ. ಅಷ್ಟರಲ್ಲಿ ಮೊದಲ ರೋಗಿ ಸೇರದಿದ್ದರೆ ಔಷಧಿಯ ಟ್ರಯಲ್ಲೇ ರದ್ದು.

ಪ್ರೊಫೆಸರ್ ಮಾಕ್‌ಗೆ ಹೇಳಿದೆ. ನನ್ನ ಮೇಲಿನವರು, ನನಗೆ ನಾಡಿ ಹಿಡಿಯುವುದು ಕಲಿಸಿದವರು. ಬರುವ ವರ್ಷ ನಿವೃತ್ತಿ. ಕಣ್ಣು ಮುಚ್ಚಿ ಕೂತಿದ್ದರು.

"ರುಚಿ ನೋಡಿದೋರು ಯಾರು?"

"ನಮ್ಮೋರೇ ಸರ್. ಡ್ರೈವರ್, ಸಿಸ್ಟರ್ ತಾಮ್, ಕ್ಯಾಂಟೀನಿನೋರು…"

"ಎಲ್ಲಾ ಸೂಪ್ ಕುಡಿಯೋ ಜನ. ಅಡುಗೆಯವರನ್ನ ಕರೆದು ಉಪ್ಪು ಇದ್ಯಾ ಅಂತ ಕೇಳಿದ ಹಾಗಾಯ್ತು. ಬೇರೆಯವರ ಮೇಲೆ ಮಾಡಿ ನೋಡು."

ಅವರು ಅಷ್ಟೇ ಅಂದದ್ದು. ಉಳಿದದ್ದೆಲ್ಲ ನನ್ನದೇ ಬುದ್ಧಿ.


ಮಾರ್ಚ್ 8, ಶುಕ್ರವಾರ

ಹಾಸ್ಟೆಲ್‌ನಿಂದ ಹತ್ತು ಹುಡುಗ ಹುಡುಗಿಯರು. ಎಲ್ಲ ಉತ್ತರದ ಕಡೆಯವರು. ಗೋಧಿ ರೊಟ್ಟಿ, ನೂಡಲ್ಸ್, ಹಾಲಿನ ಚಹಾ. ಕಷಾಯ ಕಂಡರೆ ಓಡುವ ಜಾತಿ. ಹುಡುಕಿ ಹುಡುಕಿ ಆರಿಸಿದೆ — ಹಾಗೆಂದು ಇಲ್ಲಿಯಾದರೂ ಬರೆಯುತ್ತೇನೆ.

ಒಬ್ಬಳು ಎರಡೂ ಲೋಟ ಕುಡಿದು, "ಎರಡೂ ಶಿಕ್ಷೇನೇ ಮೇಡಂ" ಅಂದಳು.

ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದ ಹಾಗೆ.

ರಿಪೋರ್ಟಿನಲ್ಲಿ ಬರೆದೆ: ಹತ್ತು ಆರೋಗ್ಯವಂತ ಸ್ವಯಂಸೇವಕರು. ಬುಧವಾರದ ಹಾಳೆ ಸೇರಿಸಲಿಲ್ಲ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಿಟ್ಟದ್ದರಲ್ಲಿ ಇದೆ.

ಹನ್ನೊಂದು ವರ್ಷದಿಂದ ಎದುರು ಕಟ್ಟಡದ ಪಾಶ್ಚಾತ್ಯ ವೈದ್ಯದವರು ಲಿಫ್ಟಿನಲ್ಲಿ ನನ್ನನ್ನು ಕೇಳುವುದು ಒಂದೇ — "ಏನ್ ಡಾಕ್ಟರ್ ಕ್ವಾನ್, ನಿಮ್ಮ ಸೂಪಿಗೆ ಸಾಕ್ಷಿ ಸಿಕ್ತಾ?" ಆ ನಗುವಿಗೆ ಒಂದು ಸಲ ಸರಿಯಾದ ಉತ್ತರ ಕೊಡಬೇಕು. ನೂರ ನಲವತ್ತನಾಲ್ಕು ರೋಗಿಗಳು, ಶ್ವಾಸಕೋಶದ ಕ್ಯಾನ್ಸರ್, ಕೀಮೋ ನಡೆಯುತ್ತಿರುವವರು. ಅರ್ಧ ಜನಕ್ಕೆ ನಮ್ಮ ಚೀನೀ ವೈದ್ಯ ವಿಭಾಗದ ಹಳೇ ಔಷಧಿ, ಅರ್ಧ ಜನಕ್ಕೆ ಖಾಲಿ ಪುಡಿ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಬಾರದು, ನಮಗೂ. ಹನ್ನೆರಡು ವಾರ. ಸುಸ್ತು ಕಡಿಮೆಯಾಯಿತೇ, ಊಟ ಸೇರುತ್ತಿದೆಯೇ — ಇಷ್ಟೇ ಅಳೆಯುವುದು. ಇಂಥ ಕೆಲಸಕ್ಕೆ ಹಾಸ್ಟೆಲ್ ಮಕ್ಕಳ ನಾಲಗೆ ಒಂದು ನೆಪವಾದರೆ ಏನೀಗ.

ಹೀಗೆ ಸಮಾಧಾನ ಮಾಡಿಕೊಳ್ಳಬೇಕಾಗಿ ಬಂದಿದೆ ಅಂದರೆ ಏನರ್ಥ ಅಂತ ನನಗೆ ಗೊತ್ತು.


ಮಾರ್ಚ್ 21, ಗುರುವಾರ

ನಲವತ್ತೇಳನೇ ಹೆಸರು ಸೇರಿತು. ಲಾಯ್ ಪಾಕ್ ಹಿಂಗ್, ಎಪ್ಪತ್ತೊಂದು ವರ್ಷ. ನಲವತ್ತು ವರ್ಷ ಗಿಡಮೂಲಿಕೆ ಅಂಗಡಿಯ ಕಟ್ಟೆಯ ಹಿಂದೆ ನಿಂತು ತೂಗಿದವರು. ಎಲ್ಲರೂ ಲಾಯ್ ಮೇಸ್ತ್ರಿ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

ಮಗಳು ಕಿತ್‌ಯಿಂಗ್ ಜೊತೆಗೆ ಬಂದಿದ್ದಳು. ಹೊರಗೇ ನನ್ನ ಕೈ ಹಿಡಿದುಕೊಂಡಳು. "ಡಾಕ್ಟ್ರೇ, ಅಪ್ಪನ ಹತ್ರ ಆ ಪದ ಮಾತ್ರ ಹೇಳ್ಬೇಡಿ. ಎದೇಲಿ ನೆರಳು ಅಂತ ಹೇಳಿದ್ದೀವಿ." ದಿನಾ ಹತ್ತು ಜನ ಹೀಗೆ ಕೇಳುತ್ತಾರೆ. ನಮ್ಮಲ್ಲಿ ಮಕ್ಕಳು ಒಳ್ಳೆಯವರು ಅಂದರೆ ಇದೇ — ಕಾಯಿಲೆಯ ಹೆಸರನ್ನು ತಾವು ನುಂಗಿಕೊಳ್ಳುವುದು.

ಆದರೆ ಫಾರ್ಮಿನ ಮೊದಲ ಸಾಲಿನಲ್ಲೇ ಆ ಪದ ಇದೆ. ಅಪ್ಪ ಓದುವಾಗ ಅವಳು ಅದರ ಮೇಲೆ ಹೆಬ್ಬೆರಳು ಇಟ್ಟು ಕೂತಳು. ಅವರು ನಿಧಾನಕ್ಕೆ ಕೊನೆಯತನಕ ಓದಿದರು.

"ಕಿತ್, ಬೆರಳು ತೆಗಿ. ನೋವು ಬಂದೀತು."

ಅವಳು ತೆಗೆಯಲಿಲ್ಲ.

"ಎರಡು ತಿಂಗಳಿಂದ ಮನೇಲಿ ಮೀನು ಮಾಡಿದಾಗೆಲ್ಲ ಕೆನ್ನೆ ಭಾಗ ನನ್ನ ಬಟ್ಟಲಿಗೇ ಬೀಳ್ತಿದೆ. ಅಳಿಯ ಟಿ.ವಿ. ರಿಮೋಟ್ ತಂದು ಕೈಗೆ ಕೊಡ್ತಾನೆ. ಇಷ್ಟು ಮರ್ಯಾದೆ ನೆಗಡಿಗೆ ಸಿಗತ್ತಾ?" ನನ್ನ ಕಡೆ ತಿರುಗಿ, "ಸಹಿ ಎಲ್ಲಿ ಹಾಕ್ಲಿ ಮಗಳೇ?"

ಹಾಕಿದರು. ಅಕ್ಷರ ಚಂದ.

ಪ್ರತಿ ಭಾನುವಾರ ಈಗಲೂ ಹಳೇ ಅಂಗಡಿಗೆ ಹೋಗುತ್ತಾರಂತೆ. ವಾರದ ಮೂಟೆಗಳು ಬಂದಿರುತ್ತವೆ. ಪ್ರತಿಯೊಂದರಿಂದ ಒಂದು ಚೂರು ಬಾಯಿಗೆ ಹಾಕಿ ಅಗಿದು — ಇದು ಬೆಟ್ಟದ್ದು, ಇದು ಗದ್ದೆಯದ್ದು, ಇದಕ್ಕೆ ಗಂಧಕದ ಹೊಗೆ ಕೊಟ್ಟಿದ್ದಾರೆ, ವಾಪಸ್ ಕಳಿಸಿ — ಅಂತ ಹೇಳುವುದು. ಆಮೇಲೆ ಚಹಾ, ಎರಡು ಸೀಗಡಿ ಕಡುಬು. ಬಸ್ಸಿನಲ್ಲಿ ವಾಪಸ್. "ಅದೊಂದೇ ಈಗ ಉಳಿದಿರೋ ಕೆಲಸ. ಕೀಮೋ ಸೋಮವಾರಕ್ಕೆ ಹಾಕಿ, ಭಾನುವಾರ ಕೆಡಿಸ್ಬೇಡಿ."

ಸೋಮವಾರಕ್ಕೇ ಹಾಕಿಸಿದೆ.


ಏಪ್ರಿಲ್ 9, ಮಂಗಳವಾರ

ಆದದ್ದು ಆದ ಹಾಗೆ ಬರೆಯಬೇಕು.

ಬೆಳಿಗ್ಗೆ ಲಾಯ್ ಮೇಸ್ತ್ರಿ ಬಂದರು. ಅಪಾಯಿಂಟ್‌ಮೆಂಟ್ ಇರಲಿಲ್ಲ. ಒಂದು ಪ್ಯಾಕೆಟ್ ಬಿಚ್ಚಿ ಅಂಗೈಗೆ ಸುರುವಿಕೊಂಡು ತೋರಿಸಿದರು.

"ಮಗಳೇ, ಇದರಲ್ಲಿ ವಾಂಗ್‌ಕೇ ಇಲ್ಲ."

"ಪುಡಿ ಮಾಡಿರೋದು ಮೇಸ್ತ್ರಿ. ಮನೇಲಿ ಕುದಿಸಿದ ಹಾಗಿರಲ್ಲ."

"ಪುಡಿ ಮಾಡ್ಲಿ, ಬೂದಿ ಮಾಡ್ಲಿ. ವಾಂಗ್‌ಕೇ ಇದ್ರೆ ಮೊದಲು ಸಣ್ಣಗೆ ಸಿಹಿ, ಕೊನೇಲಿ ಹಸಿ ಕಾಳಿನ ವಾಸನೆ. ಗಂಟಲ ಹಿಂದೆ ನಿಲ್ಲತ್ತೆ. ಇದರಲ್ಲಿ ಕೊನೇಲಿ ಬರೋದು ಸುಟ್ಟ ಸಕ್ಕರೆ. ಕಿತ್ತಳೆ ಸಿಪ್ಪೇನೂ ಇಲ್ಲ. ಕಹಿ ಇದೆ, ಆದ್ರೆ ಅದು ಯಾವ ಬೇರಿನ ಕಹೀನೂ ಅಲ್ಲ. ಹುಟ್ಟಿದ ಊರೇ ಇಲ್ಲದ ಕಹಿ."

ಅಷ್ಟೂ ಸರಿ. ಮಾರ್ಚ್ ಆರರಂದು ನಾನೇ ರುಚಿ ನೋಡಿದ್ದೆ. ಒಂದೊಂದು ಮಾತೂ ಸರಿ. ಇವರ ಪ್ಯಾಕೆಟ್ ಯಾವುದು ಅಂತ ಕಂಪ್ಯೂಟರಿಗೆ ಮಾತ್ರ ಗೊತ್ತಿರಬೇಕಿತ್ತು. ಆ ಕ್ಷಣದಿಂದ ನನಗೂ ಗೊತ್ತಾಯಿತು.

"ಅರ್ಧ ಜನಕ್ಕೆ ಖಾಲಿ ಅಂತ ಫಾರ್ಮಿನಲ್ಲೇ ಇತ್ತು. ನಂಗೆ ಖಾಲಿ ಬಂದಿದ್ರೆ ಬರ್ಲಿ, ಕುಡೀತೀನಿ. ಜಗಳಕ್ಕೆ ಬಂದಿಲ್ಲ. ನಂಗೆ ಬೇಕಾಗಿರೋದು ಇಷ್ಟೇ. ನನ್ನ ನಾಲಗೆ ಹೇಳ್ತಿರೋದು ಸರೀನಾ, ಅಲ್ವಾ?"

"ನನಗೂ ಗೊತ್ತಿರೋ ಹಾಗಿಲ್ಲ ಮೇಸ್ತ್ರಿ, ಕೇಳೋ ಹಾಗಿಲ್ಲ" ಅನ್ನಬೇಕಿತ್ತು. ಅದಕ್ಕೆಂದೇ ವಾಕ್ಯ ಇದೆ, ಸಿಬ್ಬಂದಿಗೆ ತರಬೇತಿ ಕೊಟ್ಟವಳೇ ನಾನು.

ಆದರೆ ಗಾಜಿನ ಬಾಗಿಲಾಚೆ ಆರು ಜನ ರೋಗಿಗಳು ಕೂತಿದ್ದರು. ಅವರೆಲ್ಲ ಇವರಿಗಾಗಿ ಕಾಯುತ್ತಿದ್ದರು. ವಾರ್ಡಿನಲ್ಲಿ ಎಲ್ಲರೂ ತಮ್ಮ ಮನೆಯ ಬೇರು ನಾರು ತಂದು ಇವರಿಗೇ ತೋರಿಸುತ್ತಾರೆ. ಇವರು ಹೊರಗೆ ಹೋಗಿ ಬಾಯಿ ಬಿಟ್ಟರೆ ನಾಳೆಯಿಂದ ಎಲ್ಲರೂ ಪುಡಿ ಅಂಗೈಗೆ ಸುರುವಿಕೊಂಡು ನೆಕ್ಕಿ ನೋಡುತ್ತಾರೆ. ಟ್ರಯಲ್ ಮುಗಿಯಿತು.

ಅವರ ಮಣಿಕಟ್ಟಿನ ಮೇಲೆ ಕೈ ಇಟ್ಟೆ. ಹೇಳಿದೆ —

"ಕೀಮೋ ತಗೊಂಡೋರಿಗೆ ಮೊದಲು ಕೆಡೋದೇ ನಾಲಗೆ ಮೇಸ್ತ್ರಿ. ಇದ್ದ ರುಚಿ ಇಲ್ಲ ಅನ್ಸತ್ತೆ, ಇಲ್ಲದ್ದು ಇದೆ ಅನ್ಸತ್ತೆ. ಪುಡಿ ತಪ್ಪಲ್ಲ. ನಾಲಗೆ ಕೆಟ್ಟಿದೆ."

ಅವರು ಅಂಗೈ ನೋಡಿಕೊಂಡರು. ಪುಡಿಯನ್ನು ಒಂದು ಕಣವೂ ಚೆಲ್ಲದ ಹಾಗೆ ಪ್ಯಾಕೆಟ್ಟಿಗೆ ವಾಪಸ್ ತುಂಬಿದರು. ನಲವತ್ತು ವರ್ಷದ ಕೈ.

"ಓ. ಹಾಗೋ" ಅಂದರು. "ಹೇಳಿದ್ದು ಒಳ್ಳೇದಾಯ್ತು."


ಏಪ್ರಿಲ್ 10, ಬುಧವಾರ

ಕೀಮೋದಿಂದ ನಾಲಗೆ ಕೆಡುವುದು ನಿಜವೇ. ಪುಸ್ತಕದಲ್ಲೂ ಇದೆ.

ಸಾಕು.


ಏಪ್ರಿಲ್ 30, ಮಂಗಳವಾರ

ಐದು ವಾರದ ತಪಾಸಣೆ. ಲಾಯ್ ಮೇಸ್ತ್ರಿ ಒಂದೂ ಪ್ಯಾಕೆಟ್ ತಪ್ಪಿಸಿಲ್ಲ. ಖಾಲಿ ಪ್ಯಾಕೆಟ್ಟುಗಳನ್ನು ಹತ್ತು ಹತ್ತರಂತೆ ದಾರ ಕಟ್ಟಿ ತಂದಿದ್ದರು. ಸಿಸ್ಟರ್ ತಾಮ್ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದಳು. "ನೋಡಿ ಕಲೀರಿ. ಹೀಗಿರ್ಬೇಕು ರೋಗಿ ಅಂದ್ರೆ."

ಪ್ರಶ್ನೆಪಟ್ಟಿ ತುಂಬಿಸುವಾಗ ಮಾಮೂಲಿಯಾಗಿ ಕೇಳಿದೆ — ಭಾನುವಾರ ಅಂಗಡಿಗೆ ಹೋಗೋಕೆ ಸುಸ್ತು ಅನಿಸುತ್ತಾ?

"ಬಿಟ್ಟುಬಿಟ್ಟೆ" ಅಂದರು.

"ಯಾಕೆ?"

"ನೀನೇ ಹೇಳಿದ್ಯಲ್ಲ. ನಾಲಗೆ ಕೆಟ್ಟಿದೆ ಅಂತ." ಸಿಟ್ಟಿಲ್ಲ. ಹವಾಮಾನ ಹೇಳಿದ ಹಾಗೆ. "ಮೂರು ವಾರ ನೋಡಿದೆ. ಬಾಯಿಗೆ ಹಾಕ್ಕೋತೀನಿ, ಇದು ಇಂಥದ್ದು ಅಂತ ನಾಲಗೆ ಹೇಳತ್ತೆ. ಆಮೇಲೆ ಒಳಗಿಂದ ಇನ್ನೊಬ್ಬ ಕೇಳ್ತಾನೆ — ಆ ಪುಡೀಲಿ ಇಲ್ಲ ಅಂದಿದ್ದೂ ಇದೇ ನಾಲಗೆ ತಾನೇ? ಒಂದ್ಸಲ ಸುಳ್ಳು ಹೇಳಿದ್ದು ಇನ್ನೊಂದ್ಸಲ ಹೇಳಲ್ವಾ? ನಾನು ಸರಿ ಅಂದ ಮೂಟೆ ಯಾರದ್ದೋ ತಾಯಿ ಹೊಟ್ಟೆಗೆ ಹೋಗತ್ತೆ. ಬೇಡ ಅನ್ನಿಸ್ತು. ಮೊನ್ನೆ ಭಾನುವಾರವೇ ಕೊನೆ. ಎಲ್ಲರಿಗೂ ಹೇಳಿ ಬಂದೆ."

ನಾನು ಪಟ್ಟಿಯಲ್ಲಿ 'ಸುಸ್ತು: ಇಲ್ಲ' ಅಂತ ಗುರುತು ಹಾಕಿದೆ. ಬೇರೆ ಯಾವ ಚೌಕವೂ ಇರಲಿಲ್ಲ.

ಆಗಲೂ ಹೇಳಬಹುದಿತ್ತು. ರೂಮಿನಲ್ಲಿ ನಾವಿಬ್ಬರೇ. ಹೇಳಲಿಲ್ಲ. ಛೀ.


ಮೇ 15, ಬುಧವಾರ

ಕಾಲು ತಾನಾಗಿ ಆ ಅಂಗಡಿಗೆ ಕರೆದುಕೊಂಡು ಹೋಯಿತು. ಒಣ ಕಿತ್ತಳೆ ಸಿಪ್ಪೆ ಬೇಕು ಅಂತ ನೆಪ. ಯಜಮಾನಿ ಪೂನ್ ಅಂತ, ಅರುವತ್ತರ ಹೆಂಗಸು, ಬಾಯಿ ಜೋರು. ಕಟ್ಟೆಯ ಪಕ್ಕದಲ್ಲಿ ಒಂದು ಬಿದಿರಿನ ಸ್ಟೂಲು. ಕೂರಲು ಹೋದೆ.

"ಅದರ ಮೇಲೆ ಬೇಡಮ್ಮ. ನಮ್ಮ ಮೇಸ್ತ್ರೀದು."

"ಬರ್ತಾರಾ ಅವರು?"

"ಎಲ್ಲಿ ಬರ್ತಾರೆ. ಯಾರೋ ಡಾಕ್ಟ್ರು ಹೇಳಿದ್ರಂತೆ, ನಿಮ್ಮ ನಾಲಗೆ ಹಾಳಾಗಿದೆ ಅಂತ. ಕೊನೇ ಭಾನುವಾರ ನಾನೇ ಪರೀಕ್ಷೆ ಮಾಡ್ದೆ. ಕಣ್ಣಿಗೆ ಬಟ್ಟೆ ಕಟ್ಟಿ ಹದಿನಾಲ್ಕು ಚೂರು ಕೊಟ್ಟೆ. ಹದಿನಾಲ್ಕೂ ಸರಿ. ಸರಿ ಇದೆ ಮೇಸ್ತ್ರಿ ಅಂತ ಅಂಗಲಾಚಿದೆ. ಕೇಳ್ಬೇಕಲ್ಲ? ನೀವೆಲ್ಲ ನನ್ನ ಸಮಾಧಾನಕ್ಕೆ ಹೇಳ್ತೀರಿ ಅಂತಾರೆ." ತಕ್ಕಡಿ ಕಡ್ಡಿಯನ್ನು ಗೂಟಕ್ಕೆ ಸಿಕ್ಕಿಸಿ, "ಆ ಡಾಕ್ಟ್ರು ನನ್ನ ಕೈಗೆ ಸಿಗ್ಲಿ" ಅಂದಳು.

ಕಿತ್ತಳೆ ಸಿಪ್ಪೆ ಕಟ್ಟಿಸಿಕೊಂಡೆ. ಥ್ಯಾಂಕ್ಸ್ ಹೇಳಿದೆ. ಆಚೆ ಬಂದು ಮೆಟ್ರೋ ಮೆಟ್ಟಿಲ ಮೇಲೆ ಕೂತೆ. ಜನ ಸುತ್ತು ಹಾಕಿ ಹೋಗುತ್ತಿದ್ದರು.

ಹದಿನಾಲ್ಕಕ್ಕೆ ಹದಿನಾಲ್ಕು.


ಮೇ 28, ಮಂಗಳವಾರ

ಮಾಕ್ ಸರ್ ಎಲ್ಲರಿಗೂ ಊಟ ಹಾಕಿಸಿದರು. ನೂರ ನಲವತ್ತನಾಲ್ಕೂ ಭರ್ತಿ. ಬಿಟ್ಟು ಹೋದವರು ಬರೀ ಆರು ಜನ. "ಎಲ್ಲ ಕ್ವಾನ್‌ಳ ಕೆಲಸ" ಅಂತ ನನ್ನ ಲೋಟಕ್ಕೆ ತಾವೇ ಚಹಾ ಬಗ್ಗಿಸಿದರು. ಗುರು ಬಗ್ಗಿಸಿದ ಚಹಾ. ಎರಡು ಬೆರಳಿಂದ ಮೇಜು ತಟ್ಟಿ ವಂದನೆ ಹೇಳಿದೆ.

ಎದುರು ಕಟ್ಟಡದ ಕ್ಯಾನ್ಸರ್ ಮುಖ್ಯಸ್ಥರೂ ಬಂದಿದ್ದರು. "ಖಾಲಿ ಪುಡಿ ಬಹಳ ಚೆನ್ನಾಗಿ ಮಾಡಿದ್ದೀರಿ ಅಂತ ಕೇಳಿದೆ. ಹೇಗೆ ಸಾಧಿಸಿದ್ರಿ?" ಅಂದರು. ಈ ಸಲ ನಗು ಇರಲಿಲ್ಲ. ಹನ್ನೊಂದು ವರ್ಷ ಕಾದಿದ್ದೆ ಇದಕ್ಕೆ.

ಬಾತುಕೋಳಿಯ ತಟ್ಟೆಯನ್ನು ಪಕ್ಕದವರ ಕಡೆ ಸರಿಸಿದೆ.


ಜೂನ್ 5, ಬುಧವಾರ

ಕಿತ್‌ಯಿಂಗ್ ಫೋನ್. ಸ್ಕ್ಯಾನಿನಲ್ಲಿ ಹೊಸ ಚುಕ್ಕೆಗಳು. ಎದುರು ಕಟ್ಟಡದವರು ಮೇ ಕೊನೆಯಿಂದ ಔಷಧಿ ಬದಲಿಸಿದ್ದಾರೆ. ಬಾಯಿತುಂಬ ಹುಣ್ಣು.

"ಅದಲ್ಲ ಡಾಕ್ಟ್ರೇ… ಅಪ್ಪ ಮೊದಲು ಸೂಪಿಗೆ ಹೆಸರಿಡ್ತಿದ್ರು. ಖರ್ಜೂರ ಹಳೇದು, ಶುಂಠಿ ಹೆಚ್ಚಾಯ್ತು, ಯಾರಮ್ಮ ಇದನ್ನ ಮಾಡಿದ್ದು ಅಂತ. ಎರಡು ತಿಂಗಳಿಂದ ಬಟ್ಟಲಲ್ಲಿ ಏನು ಹಾಕಿದ್ರೂ ಮಾತಿಲ್ಲ. ಬೈಸ್ಕೊಂಡ್ರೂ ಪರವಾಗಿಲ್ಲ, ಒಂದು ಮಾತು ಆಡ್ಲಿ ಅನ್ಸತ್ತೆ."

ಶುಕ್ರವಾರ ಡ್ರ್ಯಾಗನ್ ದೋಣಿ ಹಬ್ಬ. ಶನಿವಾರ ಬರುತ್ತೇನೆ ಅಂದೆ.


ಜೂನ್ 8, ಶನಿವಾರ

ಹೋದೆ. ಬಿದಿರೆಲೆಯಲ್ಲಿ ಕಟ್ಟಿದ ಅಕ್ಕಿ ಕಡುಬು ತಗೊಂಡು, ಬ್ಯಾಗಿನಲ್ಲಿ ಎರಡು ಪ್ಯಾಕೆಟ್ — ಒಂದು ನಿಜದ್ದು, ಒಂದು ಖಾಲಿ. ದಾರಿಯುದ್ದ ಮಾತು ಹೊಂದಿಸಿದ್ದೆ.

ಅರ್ಧ ಆಗಿದ್ದಾರೆ. ಆದರೂ ಎದ್ದು ಕೂತು ಚಹಾ ಬಗ್ಗಿಸಿದರು. ಮಗಳು ಅಡುಗೆಮನೆಯಲ್ಲಿದ್ದಳು.

"ಮೇಸ್ತ್ರಿ, ಏಪ್ರಿಲ್‌ನಲ್ಲಿ ನೀವು ಬಂದಿದ್ರಲ್ಲ, ವಾಂಗ್‌ಕೇ ಇಲ್ಲ ಅಂತ. ನೀವು ಹೇಳಿದ್ದು ಸರಿ. ನಿಮ್ಮ ನಾಲಗೆ ಸರಿ ಇತ್ತು. ನಾನು ಸುಳ್ಳು ಹೇಳ್ದೆ."

ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ನಗಲು ನೋವಾಗಿ ತುಟಿ ಒತ್ತಿ ಹಿಡಿದರು.

"ಕಿತ್ ಹೇಳಿಕೊಟ್ಲಾ?"

"ಇಲ್ಲ. ಅವಳಿಗೆ ಏನೂ ಗೊತ್ತಿಲ್ಲ. ನಿಜ ಹೇಳ್ತಿದ್ದೀನಿ."

"ನೋಡು ಮಗಳೇ. ಈ ಮನೇಲಿ ಎಲ್ಲರೂ ಸುಳ್ಳು ಹೇಳ್ತಾರೆ. ತೂಕ ಏರಿದೆ ಅಂತಾರೆ. ಮುಖಕ್ಕೆ ಕಳೆ ಬಂದಿದೆ ಅಂತಾರೆ. ಪೂನ್ ಬಂದು ಹದಿನಾಲ್ಕೂ ಸರಿ ಅಂತಾಳೆ. ಒಳ್ಳೇ ಮನಸ್ಸಿಂದಲೇ ಹೇಳೋದು, ನಾನೂ ತಲೆ ಆಡಿಸ್ತೀನಿ. ಕಾಯಿಲೆಯವನ ಹತ್ರ ಯಾರು ಕೆಟ್ಟ ಸುದ್ದಿ ಹೇಳ್ತಾರೆ? ನೀನೊಬ್ಬಳು ಹೇಳ್ದೆ. ಮುಖಕ್ಕೆ ಹೇಳ್ದೆ, ನಾಲಗೆ ಕೆಟ್ಟಿದೆ ಅಂತ. ಅದಕ್ಕೇ ನಂಬಿದ್ದು." ನನ್ನ ಕೈ ತಟ್ಟಿದರು. "ಈಗ ನೀನೂ ಅವರ ಜೊತೆ ಸೇರ್ಕೋಬೇಡ."

ಪ್ಯಾಕೆಟ್ ತೆಗೆದೆ. ಎರಡು ಲೋಟ, ಬಿಸಿನೀರು. ಅವಸರಕ್ಕೆ ಮೇಜಿನ ಮೇಲೆಲ್ಲ ಚೆಲ್ಲಿತು. ರುಚಿ ನೋಡಿ ಮೇಸ್ತ್ರಿ, ನಿಮಗೇ ಗೊತ್ತಾಗುತ್ತೆ ಅಂದೆ. ಬೇಡಿಕೊಂಡೆ ಅಂದರೂ ಸರಿ.

ನನ್ನ ಸಮಾಧಾನಕ್ಕೆ ಒಂದೊಂದು ಗುಟುಕು ಬಾಯಿಗೆ ತಗೊಂಡರು. ಹುಣ್ಣಿಗೆ ತಾಕಿ ಕಣ್ಣಲ್ಲಿ ನೀರು ಬಂತು.

"ಎರಡೂ ಕಬ್ಬಿಣ ನೆಕ್ಕಿದ ಹಾಗೆ" ಅಂದರು. "ಎಲ್ಲಾ ಹಾಗೇ ಈಗ. ನೀನು ಅವತ್ತು ಹೇಳಿದ್ದೇ ಸರಿ."

ಇಳಿದು ಬರುವಾಗ ಕಿತ್‌ಯಿಂಗ್ ಬಾಗಿಲವರೆಗೆ ಬಂದಳು. ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕೈ ಮುಗಿದಳು. "ಅಪ್ಪನಿಗೋಸ್ಕರ ಅಷ್ಟು ದೊಡ್ಡ ತಪ್ಪು ಮೈಮೇಲೆ ಎಳ್ಕೊಂಡ್ರಲ್ಲ ಡಾಕ್ಟ್ರೇ. ಯಾರು ಮಾಡ್ತಾರೆ."

ಇವಳೂ ನಂಬಲಿಲ್ಲ.

ನಿಜ ಹೇಳಿ, ಸುಳ್ಳುಗಾತಿಯ ಪುಣ್ಯ ಕಟ್ಟಿಕೊಂಡು ಬಂದಿದ್ದೇನೆ. ಇದಕ್ಕಿಂತ ಕೀಳು ಏನಿದೆ.


ಜೂನ್ 9, ಭಾನುವಾರ

ಅವರು ಏನನ್ನು ನಂಬುತ್ತಾರೆ?

ಬಾಯಿಮಾತು ಅಲ್ಲ. ರುಚಿ ಇನ್ನಿಲ್ಲ. ಉಳಿದದ್ದು ಒಂದೇ — ಕೆಂಪು ಮುದ್ರೆ ಬಿದ್ದ ಕಾಗದ. ಆ ಮನೆಯ ಗೋಡೆ ತುಂಬ ಅದೇ. ಮಾದರಿ ಕೆಲಸಗಾರ, ಸಾವಿರದ ಒಂಬೈನೂರ ಎಂಬತ್ತಮೂರು, ಕೆಂಪು ಮುದ್ರೆ. ಸರ್ಕಾರಿ ಮುದ್ರೆ ಯಾರ ಸಮಾಧಾನಕ್ಕೂ ಸುಳ್ಳು ಹೇಳುವುದಿಲ್ಲ ಅಂತ ಆ ತಲೆಮಾರಿನವರ ನಂಬಿಕೆ.

ಆಸ್ಪತ್ರೆಯ ನೀತಿ ಸಮಿತಿಗೆ ನಾನೇ ಬರೆದುಕೊಟ್ಟರೆ ಅವರು ತನಿಖೆ ಮಾಡಲೇಬೇಕು. ತೀರ್ಮಾನ ಎಲ್ಲ ರೋಗಿಗಳಿಗೂ ಕಾಗದದಲ್ಲಿ ತಿಳಿಸಲೇಬೇಕು. ಮುದ್ರೆ ಹಾಕಿ.

ಟ್ರಯಲ್ ಹೋಗುತ್ತದೆ. ಮಾಕ್ ಸರ್ ಕೊನೆಯ ವರ್ಷ. ನೂರ ನಲವತ್ತನಾಲ್ಕು ಜನ ಕುಡಿದದ್ದು ವ್ಯರ್ಥ. ಎದುರು ಕಟ್ಟಡದ ನಗು ಇನ್ನು ಇಪ್ಪತ್ತು ವರ್ಷ. ನನ್ನ ಹೆಸರು…

ಹೆಸರಿನ ಮಾತು ಬರೆದದ್ದೇ ನಾಚಿಕೆ.


ಜೂನ್ 11, ಮಂಗಳವಾರ

ಕೊಟ್ಟೆ. ನಾಲ್ಕು ಪುಟ. ಮಾರ್ಚ್ ಆರರ ಹಾಳೆಯ ಸಮೇತ.

ಮೊದಲು ಮಾಕ್ ಸರ್ ಹತ್ತಿರ ಹೋಗಿದ್ದೆ. ಓದಿ ಕನ್ನಡಕ ತೆಗೆದರು.

"ಒಬ್ಬ ಮುದುಕನ ನಾಲಗೆಗೋಸ್ಕರ ಇಷ್ಟೆಲ್ಲ?"

"ಹೌದು ಸರ್."

"ಅವನು ಇನ್ನೆಷ್ಟು ದಿನ ಇರ್ತಾನೆ?"

"ಅದಕ್ಕೇ ಸರ್, ಬೇಗ ಬೇಕು."

ನಾಲ್ಕೂ ಪುಟ ನನ್ನ ಕಡೆ ತಳ್ಳಿದರು. "ಬೇರೆಯವರ ಮೇಲೆ ಮಾಡಿ ನೋಡು ಅಂತ ನಾನು ಅಂದಿದ್ದನ್ನೂ ಬರಿ" ಅಂದರು. ಬೇಡ ಸರ್ ಅಂದೆ. "ಬರೀ ಅಂದೆನಲ್ಲ." ಬರೆದೆ. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ ಅವರು. ನಾನು ಬಾಗಿಲು ಎಳೆದುಕೊಂಡೆ.


ಜೂನ್ 27, ಗುರುವಾರ

ತೀರ್ಮಾನ ಬಂತು. ಟ್ರಯಲ್ ನಿಲ್ಲಿಸಿದ್ದಾರೆ. ನಾನು ಹೊಸ ಅಧ್ಯಯನ ಮಾಡುವಂತಿಲ್ಲ, ಮುಂದಿನ ಆದೇಶದವರೆಗೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜು ಖಾಲಿಯಾಯಿತು. ಸಿಸ್ಟರ್ ತಾಮ್ ಮಾತ್ರ ಬಂದು ಎದುರು ಕೂತು, ಅನ್ನ ತಿಂದು ಎದ್ದು ಹೋದಳು.

ರೋಗಿಗಳಿಗೆ ಹೋಗುವ ಪತ್ರದ ಕರಡು ನಾನೇ ನೋಡಿದೆ. ಒಂದು ಸಾಲು ಸೇರಿಸಲು ಕೇಳಿಕೊಂಡಿದ್ದೆ, ಸೇರಿಸಿದ್ದಾರೆ — ರುಚಿಯ ಆಧಾರದ ಮೇಲೆ ಖಾಲಿ ಪುಡಿಯನ್ನು ಗುರುತಿಸಿದ ರೋಗಿಗಳ ಗ್ರಹಿಕೆ ಸರಿಯಾಗಿತ್ತು. ಲಾಯ್ ಮೇಸ್ತ್ರಿಯ ಪ್ರತಿಯಲ್ಲಿ ಕೆಳಗೆ: ಸಂಖ್ಯೆ 47, ಖಾಲಿ ಪುಡಿ. ಅದರ ಕೆಳಗೆ ಮುದ್ರೆ, ದುಂಡಗೆ, ಕೆಂಪಗೆ.

ನಾನು ಗೊತ್ತಿದ್ದೂ ಸುಳ್ಳು ಹೇಳಿದ್ದು ಆ ಪತ್ರದಲ್ಲಿಲ್ಲ. ನನ್ನ ನಾಲ್ಕು ಪುಟದಲ್ಲಿತ್ತು. ಆಸ್ಪತ್ರೆಯ ಮಾನಕ್ಕೆ ಅವರು ಬಿಟ್ಟಿದ್ದಾರೆ. ಸೇರಿಸಿ ಅಂತ ನಾನೂ ಹಟ ಹಿಡಿಯಲಿಲ್ಲ.

ಆ ಪ್ರತಿಯನ್ನು ಅಂಚೆಗೆ ಬಿಡಲಿಲ್ಲ. ಶನಿವಾರ ನಾನೇ ಕೊಡುತ್ತೇನೆ ಅಂತ ಸಹಿ ಹಾಕಿ ತಗೊಂಡೆ.


ಜೂನ್ 29, ಶನಿವಾರ, ಮಧ್ಯಾಹ್ನ

ಈಗಷ್ಟೇ ಬಂದೆ. ಬರೆದುಬಿಡಬೇಕು.

ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಪತ್ರ ಕೊಟ್ಟೆ. ನಾನೇ ಓದುತ್ತೇನೆ ಅಂದರು. ಮಗಳು ಕನ್ನಡಕ ಹಾಕಿದಳು. ಎರಡು ಸಲ ಓದಿದರು. ಮುದ್ರೆಯ ಮೇಲೆ ಹೆಬ್ಬೆರಳಿಂದ ಉಜ್ಜಿ ನೋಡಿದರು.

"ಕಿತ್. ವಾಂಗ್‌ಕೇ ಇರಲಿಲ್ಲ."

"ಹೌದಪ್ಪ."

"ನಾನು ಹೇಳಿದ್ದೆ."

"ಹೌದಪ್ಪ, ಹೇಳಿದ್ರಿ."

ಮುಖ ಅರಳಿತು. ನಿಜವಾಗಿ ಅರಳಿತು, ಮೂರು ತಿಂಗಳಲ್ಲಿ ನಾನು ನೋಡದ ಮುಖ. ಪೂನ್‌ಗೆ ಫೋನ್ ಮಾಡು, ಹದಿನಾಲ್ಕೂ ಸರಿ ಇತ್ತಂತೆ ಅಂತ ಹೇಳು ಅಂದರು. ಕಿತ್‌ಯಿಂಗ್ ಅಳುತ್ತಾ ನಗುತ್ತಾ ನಂಬರ್ ಒತ್ತುತ್ತಿದ್ದಳು. ಅಷ್ಟಕ್ಕೇ ನಾನು ಎದ್ದು ಬಂದಿದ್ದರೆ ಆಗುತ್ತಿತ್ತು. ಏಳಬೇಕು ಅಂತ ಅನಿಸಿಯೂ ಇತ್ತು.

ಅವರು ಬೆರಳು ಮಡಚಿ ಎಣಿಸತೊಡಗಿದರು. ಮೇನಲ್ಲಿ ನಾಲ್ಕು, ಜೂನ್‌ನಲ್ಲಿ ನಾಲ್ಕು.

"ಎಂಟು ಭಾನುವಾರ" ಅಂದರು. "ಮೇ ತಿಂಗಳೆಲ್ಲ ನಾಲಗೆ ಚೆನ್ನಾಗಿತ್ತು. ಆಮೇಲೆ ತಾನೇ ಈ ಹುಣ್ಣು ಬಂದಿದ್ದು? ಇನ್ನು ಬರಲ್ಲ ಅದು."

ಕಿತ್‌ಯಿಂಗ್ ಫೋನ್ ಕೆಳಗಿಟ್ಟಳು.

"ಹಾಗಾದ್ರೆ ಆವತ್ತು ನೀನು ಬಂದು ಹೇಳಿದ್ದು ನಿಜ. ಸುಳ್ಳು ಹೇಳ್ದೆ ಅಂತ."

"ನಿಜ ಮೇಸ್ತ್ರಿ."

"ನನ್ನ ಕೈ ಹಿಡ್ಕೊಂಡು ಹೇಳ್ದಾಗ, ನಿಂಗೆ ಗೊತ್ತಿತ್ತು."

ಪತ್ರದಲ್ಲಿಲ್ಲ. ಗೊತ್ತಿರಲಿಲ್ಲ ಅಂದಿದ್ದರೆ ನಂಬುತ್ತಿದ್ದರು. ಮಗಳೂ ನಂಬುತ್ತಿದ್ದಳು, ಅವಳ ಕಣ್ಣು ಅದನ್ನೇ ಬೇಡುತ್ತಿತ್ತು.

"ಗೊತ್ತಿತ್ತು" ಅಂದೆ.

ಪತ್ರ ಮಡಚಿದರು. ಮಡಿಕೆಯ ಮೇಲೆ ಉಗುರಿಂದ ಗೆರೆ ಎಳೆದರು. ದನಿ ಎತ್ತಲಿಲ್ಲ.

"ಮಗಳು, ಅಳಿಯ, ಪೂನ್ — ಎಲ್ಲರೂ ನಂಗೆ ಒಳ್ಳೇದಾಗ್ಲಿ ಅಂತ ಸುಳ್ಳು ಹೇಳಿದ್ರು. ನೀನು ಯಾರಿಗೆ ಒಳ್ಳೇದಾಗ್ಲಿ ಅಂತ ಹೇಳ್ದೆ?"

ಕಾಯುತ್ತಾ ನನ್ನನ್ನೇ ನೋಡುತ್ತಿದ್ದರು. "ನನಗೆ, ಮೇಸ್ತ್ರಿ" ಅಂದೆ.